ಸುಶಿಗೆ ನಂಚಿಕೊಳ್ಳೋಕೆ ಏನು ಮಾಡಲಿ?

ಪ್ರಶ್ನೆ: ನಾವು ಬಂಗಾರಪೇಟೆಯವರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಊರಿಗೆ ಬಂದಾಗಲೆಲ್ಲ ಜಪಾನಿನವರ ಸುಶಿ ಮಾಡೋಣ ಅಂತಾಳೆ. ಸೌತೆಕಾಯಿ, ಕ್ಯಾರೆಟ್, ಪನೀರ್ ಇಟ್ಟು ಸುತ್ತುವುದನ್ನು ಕಲಿತಿದ್ದೇವೆ. ಅನ್ನವೂ ಪರವಾಗಿಲ್ಲ. ಆದರೆ ಅಂಗಡಿಯಿಂದ ತಂದ ಸೋಯಾ ಸಾಸ್‌ನಲ್ಲಿ ಅದ್ದಿದರೆ ಬರೀ ಉಪ್ಪು, ಜೊತೆಗೆ ಒಂಥರಾ ಸುಟ್ಟ ವಾಸನೆ. ಹೋಟೆಲಿನಲ್ಲಿ ಮೂರು ಬಟ್ಟಲು ಕೊಟ್ಟಿದ್ದರು. ಒಂದು ತೆಳ್ಳಗಿನ ಕಪ್ಪು ಸಾಸ್, ಒಂದು ಸಿಹಿಯಾಗಿ ಮಂದವಾಗಿದ್ದದ್ದು, ಇನ್ನೊಂದು ಕಿತ್ತಳೆ ಬಣ್ಣದ್ದು. ಮೂಗಿಗೆ ಹೊಡೆಯುವ ಹಸಿರು ಉಂಡೆಯೂ ಇತ್ತು. ಇವನ್ನು ಇಲ್ಲಿ ಸಿಗುವ ಸಾಮಾನಿನಲ್ಲೇ ಮಾಡಬಹುದಾ? ಮದ್ಯ ಹಾಕಿದ ಯಾವುದನ್ನೂ ನಮ್ಮ ಮನೆಯಲ್ಲಿ ಬಳಸುವುದಿಲ್ಲ. ಯಜಮಾನರಿಗೆ ಬಿ.ಪಿ. ಇದೆ. ಮೀನು ತಿನ್ನುತ್ತೇವೆ, ಹಸಿ ಮೀನಿಗೆ ಧೈರ್ಯ ಇಲ್ಲ. ತಂದಿರುವ ಬಾಟಲಿಯನ್ನು ಬಿಸಾಕಬೇಕಾ?

ಉತ್ತರ: ಅಕ್ಕ, ಬಾಟಲಿ ವಿಷಯ ಕೊನೆಗೆ ಹೇಳುತ್ತೇನೆ, ಸದ್ಯಕ್ಕೆ ಬಿಸಾಕಬೇಡಿ. ಅದರ ಹಿಂದಿನ ಚೀಟಿ ಒಂದ್ಸಲ ಓದಿ. ನೀರು, ಉಪ್ಪು, ಸಕ್ಕರೆ, ಕ್ಯಾರಮೆಲ್ ಬಣ್ಣ ಅಥವಾ 150 ಅಂತ ಒಂದು ನಂಬರ್, ಅಸಿಟಿಕ್ ಆಮ್ಲ, ಹೀಗೆ ಏನೇನೋ ಇದ್ದು ಸೋಯಾ ಎಲ್ಲೋ ಮೂಲೆಯಲ್ಲಿದ್ದರೆ ಅದು ಗೋಬಿ ಮಂಚೂರಿ ಬಾಟಲಿ. ಕಾದ ಬಾಣಲೆಗೆ ಒಂದು ಚಮಚ ಬಿದ್ದು ಬಣ್ಣ ಕೊಡುವುದು ಅದರ ಕೆಲಸ. ಹಾಗೇ ನಾಲಿಗೆ ಮೇಲಿಟ್ಟರೆ ನೀವು ಹೇಳಿದ ಸುಟ್ಟ ವಾಸನೆ ಬರುತ್ತದೆ. ಅದು ಕ್ಯಾರಮೆಲ್‌ದು. ನಿಮ್ಮ ಕೈ ತಪ್ಪಲ್ಲ.

ಜಪಾನಿನವರು ಶೋಯು ಅನ್ನುವುದು ಬೇರೆ. ಅದರ ಚೀಟಿಯಲ್ಲಿ ಮುಖ್ಯವಾಗಿ ನಾಲ್ಕೇ ಸಾಮಾನು ಇರುತ್ತವೆ: ನೀರು, ಸೋಯಾಕಾಳು, ಗೋಧಿ, ಉಪ್ಪು. ಬೇಯಿಸಿದ ಸೋಯಾಕ್ಕೆ ಹುರಿದು ಒಡೆದ ಗೋಧಿ ಸೇರಿಸಿ, ಕೋಜಿ ಅನ್ನುವ ಬೂಷ್ಟು ಬೆಳೆಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಆರು ತಿಂಗಳು ಅಂದರೆ ಸಾಮಾನ್ಯ. ನಮ್ಮ ದೋಸೆಹಿಟ್ಟು ಒಂದು ರಾತ್ರಿಗೆ ಹುಳಿ ಬರುತ್ತದೆ, ಅವರದು ಅರ್ಧ ವರ್ಷ ತಗೊಳ್ಳುತ್ತದೆ. ಕಿಕ್ಕೋಮನ್ ತರಹದ ಜಪಾನಿ ಬಾಟಲಿಗಳು ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ, ಮಗಳಿಗೆ ಹೇಳಿ ತರಿಸಿ. ಸ್ವಲ್ಪ ದುಬಾರಿ, ಆದರೆ ನಾನು ಮುಂದೆ ಹೇಳುವ ಹಾಗೆ ಬಳಸಿದರೆ ಒಂದು ಸಣ್ಣ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಇಡೀ ಪಟ್ಟಿಯಲ್ಲಿ ದುಡ್ಡು ಕೊಟ್ಟು ತರಲೇಬೇಕಾದದ್ದು ಇದೊಂದೇ. ಮಿಕ್ಕಿದ್ದು ಹೆಚ್ಚುಕಡಿಮೆ ಕೋಲಾರ ಸಂತೆಯಲ್ಲಿದೆ.

ಒಂದು ಮಾತು ಮುಚ್ಚಿಡಬಾರದು. ಹೀಗೆ ಹುದುಗಿಸಿದ ಶೋಯುನಲ್ಲಿ ತಾನಾಗಿಯೇ ಹುಟ್ಟಿದ ಮದ್ಯಸಾರ ಸುಮಾರು 2% ಇರುತ್ತದೆ. ಯಾರೂ ಬೆರೆಸಿದ್ದಲ್ಲ, ಹುದುಗುವಾಗ ಬಂದದ್ದು. ಕುದಿಸಿದರೆ ಸ್ವಲ್ಪ ಹಾರಿಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಷ್ಟೂ ಬೇಡ ಅಂದರೆ ಅದು ನಿಮ್ಮ ಮನೆಯ ತೀರ್ಮಾನ.

ಇನ್ನೊಂದು, ಬಣ್ಣ ನೋಡಿ ಉಪ್ಪು ಅಳೆಯಬೇಡಿ. ನಿಮ್ಮ ಊರಿನ ಪಾನಿಪುರಿ ನೀರನ್ನೇ ನೋಡಿ. ಕಣ್ಣಿಗೆ ಬೋರ್‌ವೆಲ್ ನೀರಿನಂತಿರುತ್ತದೆ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರಿಸುತ್ತದೆ. ಶೋಯುನಲ್ಲೂ ಹಾಗೇ. ಉಸುಕುಚಿ ಅಂತ ತಿಳಿ ಬಣ್ಣದ್ದೊಂದು ಬರುತ್ತದೆ. ತಿಳಿಯಾಗಿದೆ, ಉಪ್ಪು ಕಡಿಮೆ ಇರಬಹುದು ಅಂದುಕೊಂಡು ಜನ ಜಾಸ್ತಿ ಸುರಿದುಕೊಳ್ಳುತ್ತಾರೆ. ಸಾಮಾನ್ಯ ಕಪ್ಪು ಶೋಯುನಲ್ಲಿ ಉಪ್ಪು 16%ರ ಆಸುಪಾಸು ಇದ್ದರೆ ಈ ತಿಳಿಯದರಲ್ಲಿ 18% ದಾಟುತ್ತದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ‘ಸಾಸ್‌ನಲ್ಲಿ ಅದ್ದಿದರೆ’ ಅಂತ ಬರೆದಿದ್ದೀರಲ್ಲ, ಅಲ್ಲೇ ಅರ್ಧ ತೊಂದರೆ ಇದೆ ಅಂತ ನನಗೆ ಅನ್ನಿಸುತ್ತದೆ. ನಾವು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುವ ಜನ. ನಾನೂ ಅದೇ ಮಾಡಿದ್ದೆ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದ ಮೇಲೆ ಆ ಕಡೆ ಜಪಾನಿನವರ ಓಡಾಟ ಜಾಸ್ತಿಯಾಯಿತು. ಅಂಥವರು ಉಳಿದುಕೊಳ್ಳುತ್ತಿದ್ದ ಒಂದು ಗೆಸ್ಟ್‌ಹೌಸಿನಲ್ಲಿ ನಾನು ಆಗ ಅಡುಗೆಗಿದ್ದೆ. ಮೊದಲ ಸಲ ಸುಶಿ ಬಡಿಸಿದ ದಿನ ಒಬ್ಬೊಬ್ಬರ ಪಕ್ಕ ಒಂದೊಂದು ಸಾಂಬಾರ್ ಬಟ್ಟಲು ತುಂಬ ಸೋಯಾ ಇಟ್ಟೆ. ಒಬ್ಬರು ಹಿರಿಯರು ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಎದ್ದು ಹೋಗಿ ಅಷ್ಟನ್ನೂ ಜಗ್ಗಿಗೆ ವಾಪಸ್ ಸುರಿದು, ತಳಕ್ಕೆ ಅಂಟಿಕೊಂಡಷ್ಟನ್ನು ಮಾತ್ರ ಇಟ್ಟುಕೊಂಡು ಬಂದು ಕೂತರು. ಆಮೇಲೆ ಅನ್ನದ ತುಂಡನ್ನು ಬೆರಳಲ್ಲಿ ಹಿಡಿದು, ಪಕ್ಕಕ್ಕೆ ಮಲಗಿಸಿ, ಮೇಲಿದ್ದ ಮೀನಿನ ತುದಿಯನ್ನಷ್ಟೇ ಬಟ್ಟಲಿಗೆ ಸೋಕಿಸಿ ಬಾಯಿಗೆ ಹಾಕಿಕೊಂಡರು. ಅನ್ನಕ್ಕೆ ಒಂದು ಹನಿಯೂ ತಾಗಲಿಲ್ಲ.

ನಮ್ಮಲ್ಲಿ ಇದಕ್ಕೆ ಚೆನ್ನಾಗಿ ಒಪ್ಪುವ ಮಾತಿದೆ: ನಂಚಿಕೊಳ್ಳುವುದು. ಉಪ್ಪುಸಾರು ಮಾಡಿದ ದಿನ ತಟ್ಟೆಯ ಅಂಚಿನಲ್ಲಿ ಖಾರ ಇಟ್ಟುಕೊಂಡು ಮುದ್ದೆಯ ಜೊತೆ ಬೆರಳ ತುದಿಯಲ್ಲಿ ತಗೊಳ್ಳುತ್ತೇವಲ್ಲ, ಅದೇ ಲೆಕ್ಕ. ಆ ಖಾರವನ್ನು ಯಾರೂ ಮುದ್ದೆಗೆ ಕಲಸುವುದಿಲ್ಲ. ಸುಶಿ ಅನ್ನದಲ್ಲಿ ಆಗಲೇ ವಿನೆಗರ್, ಸಕ್ಕರೆ, ಉಪ್ಪು ಮೂರೂ ಇವೆ. ಸುಶಿ ಅನ್ನುವ ಮಾತೇ ಹುಳಿ ಅನ್ನವನ್ನು ಹಿಡಿದು ಬಂದದ್ದು, ಮೀನನ್ನಲ್ಲ. ಅಷ್ಟು ರುಚಿ ಇರುವ ಅನ್ನ ಸ್ಪಂಜಿನಂತೆ ಸಾಸ್ ಹೀರಿಕೊಂಡರೆ ಉಪ್ಪಾಗದೆ ಇನ್ನೇನಾಗುತ್ತದೆ? ಸಾಲದ್ದಕ್ಕೆ ನಮ್ಮ ಸೋನಾ ಮಸೂರಿ ಜಪಾನಿ ಅಕ್ಕಿಯಷ್ಟು ಅಂಟುವುದಿಲ್ಲ. ಸಾಸ್‌ಗೆ ಬಿದ್ದ ತಕ್ಷಣ ಬಿಚ್ಚಿಕೊಂಡು ಬಟ್ಟಲ ತುಂಬ ಅಗುಳು ತೇಲುತ್ತದೆ. ನೀವು ಮಾಡುವ ಸುರುಳಿಯಲ್ಲಿ ಒಂದು ಅಂಚನ್ನು ಮಾತ್ರ ಸೋಕಿಸಿ ತೆಗೆಯಿರಿ. ಮಗಳಿಗೆ ಇದನ್ನು ಹೇಳಿದರೆ ನಗಬಹುದು, ಪರವಾಗಿಲ್ಲ.

ತೆಳ್ಳಗಿನ ಕಪ್ಪು ಸಾಸ್

ಒಳ್ಳೆಯ ಸುಶಿ ಅಂಗಡಿಗಳಲ್ಲಿ ಶೋಯುವನ್ನು ಬಾಟಲಿಯಿಂದ ನೇರ ಕೊಡುವುದಿಲ್ಲ. ಮಿರಿನ್ ಅನ್ನುವ ಸಿಹಿ ಮದ್ಯ, ಸಾಕೆ, ದಾಶಿ ಅನ್ನುವ ಸಾರು, ಇಷ್ಟನ್ನೂ ಸೇರಿಸಿ ಮದ್ಯಸಾರ ಹಾರುವಷ್ಟು ಕುದಿಸಿ ತಣಿಸುತ್ತಾರೆ. ಅದಕ್ಕೆ ನಿಕಿರಿ ಅಂತಾರೆ. ಉಪ್ಪಿನ ಮೊನೆ ಹೋಗಿ ದುಂಡಗಾಗುತ್ತದೆ. ಎಷ್ಟೋ ಕಡೆ ಅಡುಗೆಯವರೇ ಬ್ರಷ್‌ನಲ್ಲಿ ಸವರಿ ಕೊಡುತ್ತಾರೆ, ತಿನ್ನುವವರು ನಂಚಿಕೊಳ್ಳುವ ಗೋಜೇ ಇಲ್ಲ.

ನಿಮಗೆ ಮಿರಿನ್ನೂ ಬೇಡ, ಸಾಕೆಯೂ ಬೇಡ. 4 ದೊಡ್ಡ ಚಮಚ ಶೋಯು, 2 ದೊಡ್ಡ ಚಮಚ ದಾಶಿ, 1 ಸಣ್ಣ ಚಮಚ ಸಕ್ಕರೆ. ಸಣ್ಣ ಪಾತ್ರೆಯಲ್ಲಿ ಸಣ್ಣ ಉರಿ. ಅಂಚಿನಲ್ಲಿ ಗುಳ್ಳೆ ಎದ್ದು ಒಂದು ನಿಮಿಷ ಆದಮೇಲೆ ಇಳಿಸಿ ತಣಿಯಲು ಬಿಡಿ. ಸಕ್ಕರೆ ಜಾಗದಲ್ಲಿ ಬೆಲ್ಲ ಹಾಕಬಹುದಾ ಅಂತ ಕೇಳುತ್ತೀರಿ, ಗೊತ್ತು. ಇದಕ್ಕೆ ಬೇಡ. ಬೆಲ್ಲದ ವಾಸನೆ ಮುಂದೆ ಬಂದು ನಿಲ್ಲುತ್ತದೆ. ಮುಂದಿನ ಸಾಸ್‌ಗೆ ಹಾಕೋಣ.

ದಾಶಿ ಎಲ್ಲಿಂದ ತರುವುದು? ಜಪಾನಿನಲ್ಲಿ ಕೊಂಬು ಅನ್ನುವ ಒಣಗಿಸಿದ ಸಮುದ್ರದ ಪಾಚಿಯಿಂದ, ಇಲ್ಲವೇ ಅದರ ಜೊತೆ ಒಣ ಮೀನನ್ನು ತೆಳ್ಳಗೆ ಹೆರೆದ ಚೂರುಗಳಿಂದ ಮಾಡುತ್ತಾರೆ. ಕೊಂಬು ಸಿಕ್ಕರೆ ಒಂದು ಲೀಟರ್ ನೀರಿಗೆ 10 ಗ್ರಾಂ ತುಂಡನ್ನು ರಾತ್ರಿ ನೆನೆಹಾಕಿ. ಅದರ ಮೇಲೆ ಬಿಳಿ ಪುಡಿ ಇರುತ್ತದೆ, ಬೂಷ್ಟು ಅಂತ ತೊಳೆಯಬೇಡಿ, ಅದೂ ರುಚಿಯ ಭಾಗವೇ. ಬೆಳಗ್ಗೆ ಬಿಸಿ ಮಾಡಿ, ಕುದಿ ಬರುವ ಮುಂಚೆ ಪಾಚಿಯನ್ನು ತೆಗೆದುಬಿಡಿ. ಕುದ್ದರೆ ಲೋಳೆ ಬಿಡುತ್ತದೆ.

ಕೊಂಬು ಸಿಗಲಿಲ್ಲ ಅಂದರೆ ಟೊಮೆಟೊ. ಹೌದು, ನಮ್ಮ ಟೊಮೆಟೊವೇ. 1908ರಲ್ಲಿ ಕಿಕುನೆ ಇಕೆಡಾ ಅನ್ನುವ ಜಪಾನಿ ರಸಾಯನ ವಿಜ್ಞಾನಿ ಕೊಂಬು ಸಾರಿನ ರುಚಿ ಎಲ್ಲಿಂದ ಬರುತ್ತದೆ ಅಂತ ಹುಡುಕಿ ಗ್ಲುಟಮೇಟ್ ಅನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲೂ ಚೆನ್ನಾಗಿದೆ. ಹಣ್ಣಾದಷ್ಟೂ ಜಾಸ್ತಿ, ಬೀಜದ ಸುತ್ತಲಿನ ಲೋಳೆಯಲ್ಲಂತೂ ಇನ್ನೂ ಜಾಸ್ತಿ. ಬೀಜ ತೆಗೆದು ಬಿಸಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ. ಒಣ ಅಣಬೆಯಲ್ಲಿ ಗ್ವಾನಿಲೇಟ್ ಅಂತ ಇನ್ನೊಂದಿದೆ. ಎರಡೂ ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ.

ಮಾಡುವುದು ಹೀಗೆ. ಅರ್ಧ ಕೆ.ಜಿ. ಚೆನ್ನಾಗಿ ಹಣ್ಣಾದ ಟೊಮೆಟೊ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಕೈಯಲ್ಲಿ ಕಿವುಚಿ. ತೆಳು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಸರು ಸೋಸುವ ಹಾಗೆ ಫ್ರಿಜ್ಜಿನಲ್ಲಿ ರಾತ್ರಿ ತೂಗುಹಾಕಿ, ಕೆಳಗೆ ಒಂದು ಪಾತ್ರೆ. ಗಂಟನ್ನು ಹಿಂಡಬೇಡಿ. ಹಿಂಡಿದರೆ ಕೆಂಪು ಬಂದುಬಿಡುತ್ತದೆ, ಹುಳಿಯೂ ಜಾಸ್ತಿ. ತಾನಾಗಿ ಇಳಿದದ್ದು ಎಳನೀರಿಗಿಂತ ಸ್ವಲ್ಪ ಹಳದಿ, ಅಷ್ಟೇ. ಬೆಳಗ್ಗೆ ಒಂದು ಸಣ್ಣ ಲೋಟದಷ್ಟು ಸಿಗುತ್ತದೆ. ಅದರಲ್ಲಿ ಎರಡು ಮೂರು ಒಣ ಶಿಟಾಕೆ ಅಣಬೆ ನೆನೆಹಾಕಿ ಮತ್ತೆ ಕೆಲವು ಗಂಟೆ ಬಿಡಿ. ನಿಮ್ಮ ದಾಶಿ ತಯಾರು. ಬಟ್ಟೆಯಲ್ಲಿ ಉಳಿದ ತಿರುಳನ್ನು ಸಾರಿಗೆ ಹಾಕಿ.

2023ರ ಜುಲೈನಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ 15 ಕೆ.ಜಿ. ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಆಗ ಈ ದಾಶಿಗಿಂತ ಕೊಂಬುವೇ ಅಗ್ಗ ಅಂತ ನಾವೇ ತಮಾಷೆ ಮಾಡಿಕೊಂಡಿದ್ದೆವು. ಬೆಲೆ ಬಿದ್ದ ವರ್ಷ ರೈತರು ರಸ್ತೆ ಬದಿಗೆ ಸುರಿದು ಹೋಗುವುದನ್ನೂ ನೋಡಿದ್ದೇವೆ. ಅಂಥ ದಿನಗಳಲ್ಲಿ ನಾನು ಜಾಸ್ತಿ ಮಾಡಿ ಐಸ್ ಟ್ರೇನಲ್ಲಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತೇನೆ. ಒಂದು ಸಲಕ್ಕೆ ಎರಡು ಗಡ್ಡೆ ಸಾಕು.

ಹುಳಿ ಸಾಸ್, ನೀವು ಕೇಳದಿದ್ದರೂ

ನಿಮ್ಮ ಮೂರು ಬಟ್ಟಲಿನಲ್ಲಿ ಇದು ಇರಲಿಲ್ಲ. ಆದರೆ ಪನೀರ್, ಸೌತೆಕಾಯಿ ಸುಶಿಗೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ. ನನ್ನ ಮಾತು ನಂಬಿ. ಇದರ ಹೆಸರು ಪೊಂಜು. ಡಚ್ಚರ ಒಂದು ಮಾತಿನಿಂದ ಬಂದ ಹೆಸರು, ಕೊನೆಗೆ ಅವರ ಭಾಷೆಯ ‘ಸು’, ಅಂದರೆ ವಿನೆಗರ್, ಸೇರಿಕೊಂಡಿದೆ. ಜಪಾನಿನಲ್ಲಿ ಯುಜು, ಸುದಾಚಿ, ಕಾಬೊಸು ಅಂತ ನಿಂಬೆ ಜಾತಿಯ ಹಣ್ಣುಗಳಿವೆ. ಅವುಗಳ ರಸಕ್ಕೆ ಶೋಯು ಸೇರಿಸುತ್ತಾರೆ. ಆ ಹಣ್ಣುಗಳ ವಿಶೇಷ ಹುಳಿಯಲ್ಲ, ವಾಸನೆ. ಬರೀ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನದ ನೆನಪು ಬಂದುಬಿಡುತ್ತದೆ.

ನಮ್ಮ ಹತ್ತಿರ ಇದಕ್ಕೆ ಹೇರಳೆಕಾಯಿ ಇದೆ. ಮುಳಬಾಗಿಲು ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ದಬ್ಬಕಾಯಿ ಅಂದರೆ ಗೊತ್ತಾಗುತ್ತದೆ. ಉಪ್ಪಿನಕಾಯಿಗೆ ತರುತ್ತೀರಲ್ಲ, ಅದೇ. ಸಿಪ್ಪೆಯ ಮೇಲೆ ಉಗುರಾಡಿಸಿ ಮೂಸಿ ನೋಡಿ. ಯುಜು ಅಲ್ಲ, ಆದರೆ ಅದರ ದೂರದ ನೆಂಟ ಅನ್ನಬಹುದು. ನಾನು ಗೆಸ್ಟ್‌ಹೌಸಿನಲ್ಲಿ ಮೊದಲ ಸಲ ಇದನ್ನು ಮಾಡಿಟ್ಟಾಗ, ಆಗ ಹೇಳಿದೆನಲ್ಲ, ಆ ಹಿರಿಯರೇ ಅಡುಗೆಮನೆವರೆಗೂ ಬಂದು ಯಾವ ಹಣ್ಣು ಅಂತ ಕೈಸನ್ನೆ ಮಾಡಿದರು. ಬುಟ್ಟಿಯಿಂದ ತೆಗೆದು ತೋರಿಸಿದೆ. ಅಂಗೈಯಲ್ಲಿ ತೂಕ ನೋಡಿ, ಫೋಟೊ ತೆಗೆದುಕೊಂಡು ಹೋದರು.

3 ದೊಡ್ಡ ಚಮಚ ಶೋಯು, 2 ಚಮಚ ಹೇರಳೆ ರಸ, 1 ಚಮಚ ದಾಶಿ, ಅರ್ಧ ಸಣ್ಣ ಚಮಚ ಸಕ್ಕರೆ. ಕುದಿಸಿ ತಣಿಸಿದ ಶೋಯುಗೆ ಆಮೇಲೆ ರಸ ಹಾಕಿ. ರಸವನ್ನು ಒಲೆ ಹತ್ತಿರ ತರಬೇಡಿ, ವಾಸನೆ ಹಾರಿಹೋಗುತ್ತದೆ. ಸಿಪ್ಪೆಯ ಹಸಿರು ಭಾಗವನ್ನು ತುರಿಮಣೆಯಲ್ಲಿ ಎರಡೇ ಸಲ ಎಳೆದು ಹಾಕಿ, ಬಿಳಿ ಭಾಗ ಬಂದರೆ ಕಹಿ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ. ಅಂದೇ ತಿಂದರೆ ಹುಳಿ ಬೇರೆ, ಉಪ್ಪು ಬೇರೆ ಅನ್ನಿಸುತ್ತದೆ. ಮರುದಿನ ಎರಡೂ ರಾಜಿಯಾಗಿರುತ್ತವೆ. ಹೇರಳೆ ಸಿಗದ ಕಾಲದಲ್ಲಿ ಅರ್ಧ ನಿಂಬೆ, ಅರ್ಧ ಕಿತ್ತಳೆ ರಸ ನಡೆಯುತ್ತದೆ. ಜೊತೆಗೆ ಬಿಳಿ ಮುಲ್ಲಂಗಿ ತುರಿದು, ನೀರು ಹಿಂಡಿ, ಸ್ವಲ್ಪ ಕೆಂಪು ಮೆಣಸಿನ ಪುಡಿ ಕಲಸಿ ಸಾಸ್‌ನೊಳಗೆ ಒಂದು ಚಿಟಿಕೆ ಬಿಡಿ. ಇದೂ ಜಪಾನಿನವರದ್ದೇ ಪದ್ಧತಿ.

ಸಿಹಿ ಸಾಸ್

ಹೋಟೆಲಿನಲ್ಲಿ ಇದನ್ನು ಈಲ್ ಸಾಸ್ ಅಂತಾರೆ. ಹೆದರಬೇಡಿ, ಸಾಮಾನ್ಯವಾಗಿ ಅದರಲ್ಲಿ ಈಲ್ ಮೀನು ಇರುವುದಿಲ್ಲ, ಸುಟ್ಟ ಈಲ್ ಮೇಲೆ ಸವರುವ ಸಾಸ್ ಅಂತ ಆ ಹೆಸರು. ಶೋಯು, ಸಕ್ಕರೆ, ಮಿರಿನ್ ಸೇರಿಸಿ ಬತ್ತಿಸಿದ್ದು. ನಿಮಗೆ: ಕಾಲು ಕಪ್ ಶೋಯು, ಕಾಲು ಕಪ್ ನೀರು ಅಥವಾ ದಾಶಿ, ಕಾಲು ಕಪ್ಪಿಗೆ ಸ್ವಲ್ಪ ಕಡಿಮೆ ಬೆಲ್ಲದ ಪುಡಿ. ಕರಗಿದ ಮೇಲೆ ಒಮ್ಮೆ ಸೋಸಿ, ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ.

ಎಲ್ಲರೂ ಕೆಡಿಸುವುದು ಇಳಿಸುವ ಹೊತ್ತಿನಲ್ಲಿ. ನಾನು ಮೊದಲ ಸಲ ಹೋಟೆಲಿನದರಷ್ಟು ಮಂದ ಆಗುವವರೆಗೆ ಒಲೆ ಮೇಲೇ ಬಿಟ್ಟೆ. ತಣ್ಣಗಾದ ಮೇಲೆ ನೋಡಿದರೆ ಚಮಚ ಪಾತ್ರೆಯಲ್ಲೇ ನಿಂತುಬಿಟ್ಟಿತ್ತು, ಎತ್ತಿದರೆ ಪಾತ್ರೆಯೂ ಜೊತೆಗೆ ಬಂತು. ಕಡಲೆಬೀಜ ಹಾಕಿದ್ದರೆ ಚಿಕ್ಕಿ ಆಗುತ್ತಿತ್ತು. ನಿಮಗೆ ಪಾಕ ನೋಡಲು ಬರುತ್ತದೆ, ಅಲ್ವಾ? ಎಳೆ ಪಾಕಕ್ಕಿಂತ ಮುಂಚೆ ಇಳಿಸಬೇಕು. ಬೆರಳಿಗೆ ಜಿಗುಟು ತಾಗಬೇಕು, ಎಳೆ ಏಳಬಾರದು. ಚಮಚದ ಬೆನ್ನಿಗೆ ತೆಳ್ಳಗೆ ಹತ್ತಿಕೊಂಡರೆ ಸಾಕು. ಮಿಕ್ಕ ಮಂದ ತಣಿಯುವಾಗ ಬರುತ್ತದೆ. ಗಟ್ಟಿಯಾದರೆ ಒಂದು ಚಮಚ ಬಿಸಿನೀರು ಹಾಕಿ ತಿರುವಿ.

ಇದನ್ನು ನಂಚಿಕೊಳ್ಳುವುದಕ್ಕಿಂತ ಮೇಲೆ ಸವರಿದರೆ ಚೆನ್ನ. ಬದನೆಕಾಯಿಯನ್ನು ಕೆಂಡದ ಮೇಲೋ ಗ್ಯಾಸ್ ಮೇಲೋ ಸುಟ್ಟು, ಸಿಪ್ಪೆ ತೆಗೆದು, ಉದ್ದಕ್ಕೆ ಚಪ್ಪಟೆ ಮಾಡಿ, ಈ ಸಾಸ್ ಸವರಿ ಹೆಂಚಿನ ಮೇಲೆ ಎರಡೂ ಕಡೆ ಬಿಸಿ ಮಾಡಿ ಅನ್ನದ ಮೇಲಿಡಿ. ಜಪಾನಿನ ಮನೆಗಳಲ್ಲೂ ಈಲ್ ಜಾಗಕ್ಕೆ ಬದನೆ ಬಳಸುವುದುಂಟು.

ಕಿತ್ತಳೆ ಬಣ್ಣದ್ದು

ಇದು ಜಪಾನಿನ ಹಳೆಯ ರುಚಿಯಲ್ಲ. ಸುಶಿ ಅಮೆರಿಕಕ್ಕೆ ಹೋದ ಮೇಲೆ ಬಂದದ್ದು. ಮೇಯನೀಸ್ ಮತ್ತು ಮೆಣಸಿನ ಸಾಸ್, ಅಷ್ಟೇ. ನಾಲ್ಕು ಚಮಚ ಮೇಯನೀಸಿಗೆ ಒಂದೆರಡು ಸಣ್ಣ ಚಮಚ ಮೆಣಸಿನ ಸಾಸ್, ನಾಲ್ಕು ಹನಿ ನಿಂಬೆರಸ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೀಜ ತೆಗೆದು, ಬೆಳ್ಳುಳ್ಳಿ ಒಂದು ಎಸಳು, ಸ್ವಲ್ಪ ವಿನೆಗರ್, ಸಕ್ಕರೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿದರೆ ಅಂಗಡಿಯ ಸಾಸ್‌ಗಿಂತ ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಮಿತಿಯಲ್ಲಿರುತ್ತದೆ. ಗುಂಟೂರು ಬೇಡ.

ಮೇಯನೀಸ್ ಮಾತ್ರ ಹಸಿ ಮೊಟ್ಟೆಯಿಂದ ಮನೆಯಲ್ಲಿ ಮಾಡಬೇಡಿ. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೇಯನೀಸನ್ನು ಒಂದೊಂದು ವರ್ಷಕ್ಕೆ ನಿಷೇಧಿಸಿದ್ದು ಸುಮ್ನೆ ಅಲ್ಲ. ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತದೆ. ಮೊಟ್ಟೆ ಇಲ್ಲದ ಪ್ಯಾಕೆಟ್ ತನ್ನಿ. ಅದೂ ಬೇಡ ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಬಳಸಿ. ಸ್ವಲ್ಪ ಹುಳಿ ಅನ್ನಿಸಬಹುದು, ಹಾಗಾಗಿ ನಿಂಬೆರಸ ಹಾಕಬೇಡಿ.

ಹೋಟೆಲಿನದಕ್ಕೆ ಒಂದು ಹುರಿದ ಎಳ್ಳಿನ ಘಮ ಇರುತ್ತದೆ. ಅವರು ಹುರಿದ ಎಳ್ಳಿನ ಎಣ್ಣೆ ಹಾಕುತ್ತಾರೆ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದ್ದು, ಅದನ್ನು ಹಾಕಿದರೆ ಉಪ್ಪಿನಕಾಯಿ ವಾಸನೆ ಬರುತ್ತದೆ. ಬದಲಿಗೆ ಬಿಳಿ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು ಪುಡಿ ಮಾಡಿ ಒಂದು ಚಮಚ ಬೆರೆಸಿ. ಆ ಪುಡಿ ಉಳಿದರೆ ಶೋಯು, ಚೂರು ಸಕ್ಕರೆ, ವಿನೆಗರ್, ನೀರು ಸೇರಿಸಿ ಕಲಸಿ, ಅದೇ ಇನ್ನೊಂದು ಸಾಸ್. ನಮ್ಮ ಎಳ್ಳಿನ ಚಟ್ನಿಯ ತಂಗಿಯಂತಿರುತ್ತದೆ. ಒಗ್ಗರಣೆ ಹಾಕಲು ಕೈ ಹೋಗುತ್ತದೆ, ತಡೆದುಕೊಳ್ಳಿ.

ಮೂಗಿಗೆ ಹೊಡೆಯುವ ಹಸಿರು ಉಂಡೆ

ಅದು ವಸಾಬಿ. ಹಾಗಂತ ಹೆಸರು. ನಿಜವಾದ ವಸಾಬಿ ಒಂದು ಗಿಡದ ಕಾಂಡ, ತುರಿದ ಕಾಲು ಗಂಟೆಯಲ್ಲಿ ಘಾಟು ಇಳಿಯುತ್ತದೆ, ಬೆಲೆಯೂ ಜಾಸ್ತಿ. ಅದಕ್ಕೆ ಹೆಚ್ಚಿನ ಕಡೆ ಕೊಡುವುದು ಹಾರ್ಸ್‌ರ‍್ಯಾಡಿಷ್ ಅನ್ನುವ ಬೇರಿನ ಪುಡಿ, ಸಾಸಿವೆ, ಹಸಿರು ಬಣ್ಣ ಕಲಸಿದ್ದು. ವಸಾಬಿ, ಆ ಬೇರು, ಸಾಸಿವೆ, ಈ ಮೂರರ ಘಾಟೂ ಮುಖ್ಯವಾಗಿ ಒಂದೇ ವಸ್ತುವಿನದು, ಅಲೈಲ್ ಐಸೊಥಯೊಸಯನೇಟ್. ಅಂದರೆ ನಿಮ್ಮ ಮಸಾಲೆ ಡಬ್ಬಿಯಲ್ಲಿ ವಸಾಬಿಯ ಅರ್ಧ ಕೆಲಸ ಆಗಲೇ ಆಗಿದೆ.

ಆದರೆ ಒಗ್ಗರಣೆಯ ಸಾಸಿವೆ ಮೂಗಿಗೆ ಹೊಡೆಯಲ್ಲ. ಯಾಕೆ? ಸಾಸಿವೆ ಕಾಳಿನಲ್ಲಿ ಘಾಟು ಸಿದ್ಧವಾಗಿ ಕೂತಿರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಒಳಗಿನ ಒಂದು ಕಿಣ್ವ ಕೆಲಸ ಮಾಡಿ ಘಾಟನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ. ಹಾಗಾಗಿ ಹುರಿಯಬೇಡಿ, ಬಿಸಿನೀರು ಹಾಕಬೇಡಿ. ನಾನೊಮ್ಮೆ ಅವಸರಕ್ಕೆ ಬಿಸಿನೀರಲ್ಲಿ ಕಲಸಿ, ಬರೀ ಕಹಿಯಾದ ಒಂದು ಬಟ್ಟಲು ಸಾಸಿವೆಯನ್ನು ತೊಟ್ಟಿಗೆ ಹಾಕಿದ್ದೇನೆ.

ಒಂದು ದೊಡ್ಡ ಚಮಚ ಸಾಸಿವೆಯನ್ನು ಒಣದಾಗಿ ಸಣ್ಣ ಜಾರಿನಲ್ಲಿ ಪುಡಿ ಮಾಡಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಜಾರೇ ಬಿಸಿಯಾಗುತ್ತದೆ. ಜರಡಿ ಹಿಡಿದು ಸಿಪ್ಪೆ ತೆಗೆಯಿರಿ. ಒಂದೂವರೆ ಚಮಚ ತಣ್ಣೀರು ಹಾಕಿ ಗಟ್ಟಿಯಾಗಿ ಕಲಸಿ, ಬಟ್ಟಲು ಮುಚ್ಚಿ 10 ನಿಮಿಷ ಬಿಡಿ. ಮುಚ್ಚಳ ತೆಗೆಯುವಾಗ ಮುಖ ಆಚೆ ಇಟ್ಟುಕೊಳ್ಳಿ. ನಿಜವಾಗಲೂ ಹೇಳುತ್ತಿದ್ದೇನೆ, ಈರುಳ್ಳಿ ಹೆಚ್ಚಿದ್ದಕ್ಕಿಂತ ಜಾಸ್ತಿ ಕಣ್ಣೀರು ಬರುತ್ತದೆ. ಘಾಟು ಎದ್ದ ಮೇಲೆ ಚಿಟಿಕೆ ಉಪ್ಪು, ಎರಡು ಹನಿ ನಿಂಬೆರಸ. ಹುಳಿ ಬಿದ್ದ ಮೇಲೆ ಘಾಟು ಅಲ್ಲಿಗೇ ನಿಲ್ಲುತ್ತದೆ, ಬೇಗ ಇಳಿದೂ ಹೋಗುವುದಿಲ್ಲ. ಮೊದಲೇ ಹಾಕಿದರೆ ಏಳುವುದೇ ಇಲ್ಲ. ತುರಿದು ಗಟ್ಟಿಯಾಗಿ ಹಿಂಡಿದ ಮುಲ್ಲಂಗಿಯನ್ನು ಇದಕ್ಕೆ ಸಮ ಪ್ರಮಾಣದಲ್ಲಿ ಸೇರಿಸಿದರೆ ವಸಾಬಿಯ ಹದ ಬರುತ್ತದೆ. ಹಸಿರು ಬರಲಿ ಅಂತ ಕೊತ್ತಂಬರಿ ರುಬ್ಬಿ ಹಾಕಬೇಡಿ. ಹಳದಿ ಇದ್ದರೆ ಇರಲಿ.

ಇದನ್ನು ಸಾಸ್‌ಗೆ ಕದಡುವವರೂ ಇದ್ದಾರೆ. ಜಪಾನಿನಲ್ಲೂ ಮನೆಯಲ್ಲಿ ಎಷ್ಟೋ ಜನ ಕದಡುತ್ತಾರೆ. ಆದರೆ ಸುಶಿ ಮೇಲೆ ಸಾಸಿವೆ ಕಾಳಿನಷ್ಟು ಇಟ್ಟು ತಿಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಶುಂಠಿ ಉಪ್ಪಿನಕಾಯಿ ಮಾಡಿದರೆ ಅದನ್ನು ಸುಶಿ ಮೇಲಿಡಬೇಡಿ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಾಯಿ ತೊಳೆದ ಹಾಗಾಗಲಿ ಅಂತ ಅದು ಇರುವುದು.

ಯಜಮಾನರ ಬಿ.ಪಿ.

ಒಂದು ದೊಡ್ಡ ಚಮಚ ಶೋಯುನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಉಪ್ಪಿನ ಲೆಕ್ಕದಲ್ಲಿ ಎರಡು ಗ್ರಾಂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅನ್ನುತ್ತದೆ. ಬಟ್ಟಲು ತುಂಬ ಇಟ್ಟರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಅವರಿಗೆ ಶೋಯುಗೆ ಸಮಸಮ ದಾಶಿ ಬೆರೆಸಿ ಬೇರೆ ಬಟ್ಟಲು ಕೊಡಿ, ಹೇರಳೆ ರಸ ಎರಡು ಹನಿ ಜಾಸ್ತಿ ಹಾಕಿ. ಹುಳಿ, ಉಮಾಮಿ ಎರಡೂ ಇದ್ದರೆ ಉಪ್ಪು ಕಡಿಮೆ ಅಂತ ನಾಲಿಗೆ ದೂರು ಹೇಳುವುದಿಲ್ಲ. ಅಳತೆ ಒಂದೇ ಸಣ್ಣ ಚಮಚ. ಹಾಗೆ ಕೊಟ್ಟರೆ ಸೋಡಿಯಂ 150 ಮಿಲಿಗ್ರಾಂ ಆಸುಪಾಸಿನಲ್ಲೇ ಮುಗಿಯುತ್ತದೆ. ‘ಕಡಿಮೆ ಉಪ್ಪಿನದು’ ಅಂತ ಬರೆದ ಬಾಟಲಿಗಳೂ ಇವೆ. ಕಡಿಮೆ ಅಂದರೆ ಇಲ್ಲ ಅಂತಲ್ಲ, ಅದನ್ನೂ ಅಳೆದೇ ಹಾಕಿ. ಅವರ ಡಾಕ್ಟರು ಉಪ್ಪಿಗೆ ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ನಡೆಸಿ.

ಇಡುವ ವಿಷಯ. ಕುದಿಸಿದ ಕಪ್ಪು ಸಾಸ್ ಫ್ರಿಜ್ಜಿನಲ್ಲಿ ಒಂದು ವಾರ, ಸಿಹಿಯದು ಎರಡು ವಾರ, ಪೊಂಜು ನಾಲ್ಕೈದು ದಿನ. ಮೇಯನೀಸ್, ಮೊಸರಿನದು ಎರಡು ದಿನದ ಮೇಲೆ ಬೇಡ. ಸಾಸಿವೆ ಅಂದಂದಿಗೆ. ಯಾವುದಕ್ಕೂ ಒದ್ದೆ ಚಮಚ ಹಾಕಬೇಡಿ, ಉಪ್ಪಿನಕಾಯಿ ಜಾಡಿಯ ಮರ್ಯಾದೆಯೇ ಇವಕ್ಕೂ.

ಹಸಿ ಮೀನಿಗೆ ಧೈರ್ಯ ಇಲ್ಲ ಅಂದಿರಿ, ಒಳ್ಳೆಯದೇ ಆಯಿತು. ಕೆರೆ ಮೀನನ್ನಂತೂ ಹಸಿಯಾಗಿ ಮುಟ್ಟಲೇಬೇಡಿ. ವಿನೆಗರ್, ನಿಂಬೆ, ವಸಾಬಿ, ಇವು ಯಾವುವೂ ಮೀನಿನೊಳಗಿನ ಹುಳುವನ್ನು ಕೊಲ್ಲುತ್ತವೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟಿರಬೇಕು ಅಂತ ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ಅದಕ್ಕೆ ನಂಬುವಂತಿಲ್ಲ. ಬೇಯಿಸಿದ ಸಿಗಡಿ ಹಾಕಿ, ಪೊಂಜು ಜೊತೆ ಚೆನ್ನಾಗಿರುತ್ತದೆ.

ಇನ್ನು ಆ ಬಾಟಲಿ. ಮುಂದಿನ ಭಾನುವಾರ ಒಂದು ಹೂಕೋಸು ತನ್ನಿ. ಕಾರ್ನ್‌ಫ್ಲೋರ್, ಮೈದಾ ಹಚ್ಚಿ ಕರಿಯಿರಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಜೋರು ಉರಿಯಲ್ಲಿ ಬಾಡಿಸಿ, ಬಾಟಲಿಯಿಂದ ಒಂದೂವರೆ ಚಮಚ. ಉಪ್ಪು ಬೇರೆ ಹಾಕಬೇಡಿ.